ಬೆನ್ನ ಮೇಲಿನ ಕೆಂಪು ಬಿಲ್ವ

ಮಕ್ಕಳೇ, ನನ್ನ ಅತ್ತೆ ಎಂಥವರಾಗಿದ್ದರು ಎಂದು ನೀವು ಕೇಳಿದಾಗಲೆಲ್ಲ ನಾನು ಒಲೆಯ ಕಡೆ ಮುಖ ತಿರುಗಿಸಿ ಬೇರೆ ಮಾತು ತೆಗೆದಿದ್ದೇನೆ. ಎದುರಿಗೆ ಕೂತವರಿಗೆ ಏನನ್ನಾದರೂ ಹೇಳುವುದೆಂದರೆ ಚಿಕ್ಕಂದಿನಿಂದಲೂ ನನ್ನ ನಾಲಿಗೆ ಏಳುವುದಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೊಳವನಹಳ್ಳಿಯ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟಕ್ಕೆ ಸಾಲುತ್ತದೆ. ಅವರು ಒಳ್ಳೆಯವರಾಗಿದ್ದರು ಎಂದು ಬರೆಯಲಾರೆ. ನನಗೂ ಅವರ ಮೇಲೆ ಪ್ರೀತಿ ಇರಲಿಲ್ಲ. ಅವರು ಬದುಕಿದ್ದಾಗ ಒಂದೇ ಒಂದು ಸಲ ಅವರಿಗೆ ಎದುರು ಮಾತಾಡಿದೆ. ಅದು ಹೇಗಾಯಿತೆಂದು ಬರೆಯುತ್ತೇನೆ.

ಆಗ ನಾವು ಸಿರಾದಲ್ಲಿದ್ದೆವು. ಮಹಾರಾಜರ ಆಳ್ವಿಕೆ. ಯುದ್ಧದ ಸುದ್ದಿ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ನಿಮ್ಮ ತಾತನದು ಪಾವಗಡದ ಕಡೆ, ಬಲಸಮುದ್ರದಿಂದಾಚೆ, ಕುರಿಮಂದೆಯ ಮನೆತನ. ಅಣ್ಣನ ಜೊತೆ ಹೊಂದಿಕೆಯಾಗದೆ ಮಂದೆ ಬಿಟ್ಟು ಬಂದು ಸಿರಾದ ಒಂದು ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅಲ್ಲಿನ ಹಮಾಲಿಗಳಿಗೆಲ್ಲ ಅವರೇ ಮೇಸ್ತ್ರಿ. ನಮ್ಮದೂ ಅದೇ ಕುಲವಾದರೂ ನನ್ನ ತವರಿನವರು ಕೊರಟಗೆರೆ ಸೀಮೆಯ ಬೇಸಾಯಗಾರರು. ಅಜ್ಜನ ಕಾಲಕ್ಕೇ ಕುರಿ ಬಿಟ್ಟು ನೇಗಿಲು ಹಿಡಿದಿದ್ದರು. ಕುರಿಯ ಮೈಗೆ ಕೈ ಹಾಕಿ ನಾನು ಬೆಳೆದವಳಲ್ಲ.

ಮಾವ ಸತ್ತ ಮೇಲೆ ಅತ್ತೆ ಒಂದು ಗಂಟು, ಒಂದು ಚೀಲ ಉಣ್ಣೆ ಹೊತ್ತುಕೊಂಡು ನಮ್ಮಲ್ಲಿಗೆ ಬಂದರು. ಇರುವುದಕ್ಕೆ ಬಂದವರಲ್ಲ. ಮಗನನ್ನು ಕರೆದುಕೊಂಡು ಹೋಗುವುದಕ್ಕೆ ಬಂದವರು. ಅದನ್ನು ಬಂದ ದಿನವೇ, ಕಾಲು ತೊಳೆದ ನೀರು ಆರುವ ಮುಂಚೆ ಹೇಳಿದರು.

"ಮಂದೆ ಪಾಲಾಗ್ಯದೆ. ನಿನ್ನ ಪಾಲಿನ ಕುರಿ ನಿಮ್ಮಣ್ಣನ ಮಂದೇಲಿ ಸೇರ್ಕಂಡು ಓಗೋಕೆ ಮುಂಚೆ ಬಂದ್ಬುಡ್ಲಾ."

"ಇವಳು?" ಎಂದರು ನಿಮ್ಮ ತಾತ, ನನ್ನ ಕಡೆ ಗಲ್ಲ ತೋರಿಸಿ.

"ಇವಳೇನು ಮಂದೆ ಹಿಂದೆ ನಡ್ಯೋಳಾ? ಮಣ್ಣು ಕೆದಕೋರ ಮನೆ ಹೆಣ್ಣು. ಅವರಪ್ಪನ ಹೊಲ ಅಲ್ಲೇ ಅದೆ ಕದಾ, ಕೆದಕ್ಕಂಡಿರ್ಲಿ."

ನಮಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಊರಿನಲ್ಲಿ ಅತ್ತೆಯ ತಮ್ಮನಿಗೆ ಮದುವೆಯ ವಯಸ್ಸಿನ ಮಗಳೊಬ್ಬಳಿದ್ದಳು. ನಿಮ್ಮ ತಾತ ಮಂದೆಗೆ ಹೋದರೆ ನಾನು ತವರಿಗೆ ಹೋಗಬೇಕಾಗುತ್ತಿತ್ತು. ಅಲ್ಲಿಂದ ನನ್ನನ್ನು ಯಾರೂ ತಿರುಗಿ ಕರೆಸಿಕೊಳ್ಳುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ನಿಮ್ಮ ತಾತನಿಗೂ ಗೊತ್ತಿದ್ದಿರಬೇಕು. ಅವರು "ನೋಡಾನ" ಎಂದು ಎದ್ದು ಹೋದರು.

ನನ್ನ ಕೈಯಲ್ಲಿ ಆಗ ಸೂಜಿ ಕೆಲಸವಿತ್ತು. ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ದರ್ಜಿ ಸಾಬರು ಇದ್ದರು. ಅವರ ಹೆಂಡತಿ ಬೂಬಮ್ಮನವರು, ಬಟ್ಟೆಯನ್ನು ಮರದ ಬಳೆಗೆ ಬಿಗಿದು ಬಣ್ಣದ ದಾರದಲ್ಲಿ ಬಳ್ಳಿ, ಎಲೆ, ಅಕ್ಷರ ತೆಗೆಯುವುದನ್ನು ನನಗೆ ಕಲಿಸಿದ್ದರು. ಕಚೇರಿಯ ಜವಾನರ ಕೋಟಿನ ಕತ್ತಿನ ಪಟ್ಟಿಗೆ ಅಕ್ಷರ, ಮೋಟಾರು ಸರ್ವೀಸಿನವರ ಖಾಕಿ ಅಂಗಿಯ ಜೇಬಿಗೆ ಚಕ್ರ, ಹೀಗೆ ಒಂದಲ್ಲ ಒಂದು ಬರುತ್ತಿತ್ತು. ಸಾಬರು ಮರದಚ್ಚಿಗೆ ಬಣ್ಣ ಸವರಿ ಬಟ್ಟೆಯ ಮೇಲೆ ಗೆರೆ ಒತ್ತಿ ಕೊಡುತ್ತಿದ್ದರು. ಆ ಗೆರೆಯ ಮೇಲೆ ನಾನು ದಾರ ತುಂಬುತ್ತಿದ್ದೆ. ಯಾರ ಜೊತೆಯೂ ಮಾತಾಡಬೇಕಾಗಿಲ್ಲದ ಕೆಲಸ. ಅದಕ್ಕೇ ಅದು ನನಗೆ ಹಿಡಿಸಿತ್ತು.

ಆ ವರ್ಷ ಕಡಲೆಕಾಯಿ ಬೆಳೆ ಚೆನ್ನಾಗಿತ್ತು. ಮಂಡಿ ಬೀದಿಯಲ್ಲಿ ಗಾಡಿಗಳು ನಿಲ್ಲಲು ಜಾಗವಿರಲಿಲ್ಲ. ಯಾರ ಹಮಾಲಿ ಯಾರ ಮೂಟೆ ಹೊರುತ್ತಿದ್ದಾನೆ ಎಂಬುದು ತಿಳಿಯದೆ, ನಿಮ್ಮ ತಾತ ದುಡಿಯುತ್ತಿದ್ದ ಮಂಡಿಯ ಮೂಟೆಗಳು ಬೇರೆಯವರ ಗಾಡಿ ಹತ್ತುತ್ತಿದ್ದವು. ಆ ಮಂಡಿಯ ಸಾಹುಕಾರರು ಲಿಂಗ ಕಟ್ಟಿದವರು, ಪೂಜೆಯಾಗದೆ ಅಂಗಡಿ ಬಾಗಿಲು ತೆಗೆಯದವರು. ತನ್ನ ಆಳುಗಳು ದೂರದಿಂದಲೇ ಗೊತ್ತಾಗಬೇಕು ಎಂದು ಎಲ್ಲರಿಗೂ ಬಿಳಿ ಅಂಗಿ ಹೊಲಿಸಲು ಸಾಬರಿಗೆ ಹೇಳಿದರು. ಅಂಗಿಯ ಬೆನ್ನ ಮೇಲೆ, ಎರಡು ಭುಜದ ರೆಕ್ಕೆಗಳ ನಡುವೆ, ಅಂಗೈಯಗಲದ ಮೂರೆಲೆಯ ಬಿಲ್ವಪತ್ರೆ. ಅವರ ಅಂಗಡಿಯ ಬಾಗಿಲ ಮೇಲೂ ಮೂಟೆಗಳ ಮೇಲೂ ಅದೇ ಗುರುತು. ಬಣ್ಣ ಕೆಂಪು, ಯಾಕೆಂದರೆ ಅದು ಮಂಗಳದ ಬಣ್ಣ.

ನಾನು ಸಾಬರನ್ನು ಕೇಳಿದೆ, ಎಲೆಗೆ ಹಸಿರು ದಾರ ಅಲ್ಲವಾ ಎಂದು.

"ಅರೆ ಬೇಟಿ, ಸಾವ್ಕಾರ್ರು ಕೆಂಪೇ ಬೇಕು ಅಂದವ್ರೆ. ಹಸಿರು ಬೆವರಿಗೆ ಬಣ್ಣ ಬುಡ್ತದಂತೆ. ಮಜಬೂತಾಗಿ ಹೊಲಿ, ಮೂಟೆ ಉಜ್ಜೋ ಜಾಗ ಅದು."

ಅವರು ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ ಅಚ್ಚು ಒತ್ತಿಕೊಟ್ಟರು. ನಾನು ಗಂಟು ಹೊತ್ತು ಮನೆಗೆ ತಂದೆ.

ಬಾಗಿಲ ಬಳಿ ಬೆಳಕು ಬೀಳುವ ಕಡೆ ನಾನು ಕೂರುತ್ತಿದ್ದೆ. ಎದುರಿಗೆ ಅತ್ತೆ ಕಾಲು ಚಾಚಿ ಉಣ್ಣೆ ನೂಲುತ್ತಿದ್ದರು. ಮೊದಲನೆಯ ಅಂಗಿಯನ್ನು ಬಳೆಗೆ ಬಿಗಿದಾಗ ಅವರ ಕದಿರು ನಿಂತಿತು. ಬಾಗಿ ನೋಡಿದರು.

"ಬೆನ್ನಿಗಾ ಇದು?"

"ಹ್ಞೂ ಅತ್ತೆ. ಮಂಡಿಯವರಿಗೆ."

"ಎಲ್ಲಾರ್ಗೂವಾ?"

"ಎಲ್ಲರಿಗೂ."

ಅವರು ಮತ್ತೆ ಕದಿರು ತಿರುಗಿಸಿದರು. ನನ್ನ ಸೂಜಿಯನ್ನು ಕಂಡರಾಗದ ಅವರು ಅಂದಿನಿಂದ ಒಂದು ಕೊಂಕು ಮಾತನ್ನೂ ಆಡಲಿಲ್ಲ. ಒಲೆಯ ಕೆಲಸಕ್ಕೆ ತಾವೇ ಎದ್ದರು. ನಿಮ್ಮ ತಾತ ಮನೆಗೆ ಬರುವ ಹೊತ್ತಾದಾಗ, "ಗಂಡಸ್ರು ಬರೋ ಒತ್ತು, ಗಂಟು ಕಟ್ಟಿ ಒಳೀಕಿಡು, ದೂಳಾಗ್ತದೆ" ಎನ್ನುತ್ತಿದ್ದರು. ಒಂದು ಸಲ ಅಂಗಿಯೊಂದನ್ನು ಬೆಳಕಿಗೆ ಹಿಡಿದು ನೋಡಿ, "ಚೆಂದಾಗದೆ ಕಣಮ್ಮೀ. ಇನ್ನೂ ಒಸಿ ದಪ್ಪ ತುಂಬು, ದೂರಕ್ಕೆ ಕಾಣ್ಲಿ" ಎಂದರು. ಇವರ ಮನಸ್ಸು ಮೆತ್ತಗಾಯಿತು ಎಂದುಕೊಂಡೆ. ಅವರು ಹೇಳಿದ ಹಾಗೆ ಇನ್ನೂ ದಪ್ಪ ತುಂಬಿದೆ.

ಅಂಗಿ ಹಂಚುವ ದಿನ ಸಾಬರ ಜೊತೆ ನಾನೂ ಬೂಬಮ್ಮನವರೂ ಗಂಟುಗಳನ್ನು ಹೊತ್ತು ಮಂಡಿಗೆ ಹೋದೆವು. ಎಂದೂ ಮಂಡಿಯ ಕಡೆ ಬಾರದ ಅತ್ತೆ ಅಂದು ಸೆರಗು ಸಿಕ್ಕಿಸಿಕೊಂಡು ಹಿಂದೆ ಬಂದರು. ನಾನು ಕಂಬದ ಮರೆಯಲ್ಲಿ ನಿಂತೆ. ಸಾಹುಕಾರರು ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು.

"ಮೇಸ್ತ್ರಿ, ಮೊದಲು ನೀನು ಹಾಕ್ಕೊಳ್ಳಯ್ಯ," ಎಂದರು.

ಸಾಬರು ಅಂಗಿಯ ಎದೆಯ ಕಡೆಯನ್ನು ಮುಂದೆ ಮಾಡಿ ಹಿಡಿದರು. ನಿಮ್ಮ ತಾತ ತೋಳು ತೂರಿಸಿ ಹಾಕಿಕೊಂಡರು. ಹೊಸ ಅಂಗಿ ಅವರಿಗೆ ಒಪ್ಪುತ್ತಿತ್ತು. ಹಾಗೇ ತಿರುಗಿ ಒಂದು ಮೂಟೆಗೆ ಕೈ ಹಾಕಿದರು, ಭುಜ ಹಿಡಿಯುತ್ತದೋ ಇಲ್ಲವೋ ನೋಡಲು. ಬೆನ್ನು ಉಳಿದ ಹಮಾಲಿಗಳ ಕಡೆಗಾಯಿತು.

ಅವರಲ್ಲಿ ಹೆಚ್ಚಿನವರು ಮಂದೆಯ ಮನೆಗಳಿಂದಲೇ ಬಂದವರು. ಹಿಂದಿನಿಂದ ಒಬ್ಬ ಕುರಿಯ ಹಾಗೆ ಅರಚಿದ. ಇನ್ನೊಬ್ಬನೂ ಅರಚಿದ. ಅದು ನಗೆಯಾಗಿರಲಿಲ್ಲ.

"ಯಾಕ್ರಯ್ಯ ಇದು?" ಎಂದರು ಸಾಹುಕಾರರು.

"ಬುದ್ಧಿ, ಯಾವತ್ತು ಕಡೀತೀರಾ ಹೇಳ್ಬುಡಿ. ಅಲ್ಲೀಗಂಟ ಮೇಯ್ಕಂಡಿರ್ತೀವಿ," ಎಂದ ವಯಸ್ಸಾದ ಒಬ್ಬ ಹಮಾಲಿ.

ಕಂಬದ ಹತ್ತಿರ ನಿಂತವರು ಆಡಿಕೊಂಡದ್ದರಿಂದ ಆಗ ನನಗೆ ತಿಳಿಯಿತು. ಮಂದೆಗೆ ಬಂದ ಕಟುಕ, ಕುರಿಗಳನ್ನು ಆರಿಸಿ ಬೆಲೆ ಕುದುರಿದ ಮೇಲೆ, ಒಂದೊಂದರ ಬೆನ್ನಿಗೂ ಕೆಮ್ಮಣ್ಣು ಒತ್ತುತ್ತಾನೆ. ಎರಡು ಭುಜದ ರೆಕ್ಕೆಗಳ ನಡುವೆ, ಅಂಗೈಯಗಲ. ಕೆಮ್ಮಣ್ಣು ಬಿದ್ದ ಕುರಿಗೆ ಆ ಮನೆಯವರು ಮತ್ತೆ ಉಪ್ಪು ಹಾಕುವುದಿಲ್ಲ, ಅದನ್ನು ಕರೆಯುವುದಿಲ್ಲ, ಹೆಂಗಸರು ಮುಟ್ಟುವುದಿಲ್ಲ. ಅದು ಉಸಿರಾಡುತ್ತಿದ್ದರೂ ಲೆಕ್ಕಕ್ಕೆ ಸತ್ತದ್ದು. ಮಾಂಸದ ವಾಸನೆ ಬಂದರೆ ಮೂಗು ಮುಚ್ಚುವ ಸಾಹುಕಾರರಿಗೆ ಇದು ಎಲ್ಲಿಂದ ಗೊತ್ತಿರಬೇಕು. ಹೊಲದ ಮನೆಯಿಂದ ಬಂದ ನನಗೂ ಗೊತ್ತಿರಲಿಲ್ಲ.

ನಿಮ್ಮ ತಾತ ಅಂಗಿ ಬಿಚ್ಚಿ ಬೆನ್ನ ಕಡೆಯನ್ನು ನೋಡಿದರು. ಮುದ್ದೆ ಕಟ್ಟಿ ಗಾದಿಯ ಮುಂದೆ ಎಸೆದರು.

"ಇದು ನಾವು ಹಾಕ್ಕಳದಿಲ್ಲ ಸಾವ್ಕಾರ್ರೇ. ಇದು ಕಟುಕರ ಗುರುತು."

ಸಾಹುಕಾರರ ಮುಖ ಕಪ್ಪಿಟ್ಟಿತು. "ಏನಂದೆ? ಶಿವನ ತಲೆ ಮೇಲಿಡೋ ಪತ್ರೆ ಅದು. ಅದನ್ನ ಕಟುಕನದು ಅಂತೀಯಾ? ಅದನ್ನ ನೆಲಕ್ಕೆ ಎಸೀತೀಯಾ?"

"ಪತ್ರೆ ಹಸ್ರಾಗಿರ್ತದೆ ಬುದ್ಧಿ."

"ನನಗೆ ಹೇಳಿಕೊಡ್ತೀಯೇನೋ. ಈ ಅಂಗಿ ಇಲ್ಲದೋನು ನಾಳೆಯಿಂದ ನನ್ನ ಮೆಟ್ಟಿಲು ಹತ್ತಬೇಡ."

ಹಮಾಲಿಗಳು ಇಳಿದು ಹೋದರು. ಹೋಗುವಾಗ ಒಬ್ಬ ಕಂಬದ ಮರೆಯಲ್ಲಿದ್ದ ನನ್ನನ್ನು ನೋಡಿ ನಿಮ್ಮ ತಾತನಿಗೆ ಹೇಳಿದ: "ನಿನ್ನ ಹೆಂಡ್ರೇ ಬಳ್ದವ್ಳೆ ಕಣ್ಲಾ ನಮ್ಗೆಲ್ಲ. ಇವತ್ತು ನಿಂಗೆ ಉಪ್ಪಿಲ್ದ ಸಾರೇ ಇಕ್ತಾಳೆ ನೋಡು." ನಿಮ್ಮ ತಾತ ನನ್ನ ಕಡೆ ತಿರುಗಲಿಲ್ಲ. ಅತ್ತೆ ಮಾತ್ರ ಬೀದಿಯ ಆಚೆ ಬದಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತಿದ್ದರು.

ಮನೆಯಲ್ಲಿ ನಿಮ್ಮ ತಾತ ಕೇಳಿದ್ದು ಒಂದೇ ಮಾತು. "ಆ ಅಂಗಿ ನೀನೇನಾ ಒಲ್ದದ್ದು?"

"ಹ್ಞೂ."

ಅವರು ಅಂದು ಊಟಕ್ಕೆ ಕೂರಲಿಲ್ಲ.

ಮಂಡಿಯ ಕೆಲಸ ನಿಂತಿತು. ಬೇರೆ ಮಂಡಿಯವರೂ ಅವರನ್ನು ಕರೆಯಲಿಲ್ಲ. ಮೆಟ್ಟಿಲು ಇಳಿದು ಹೋದ ಆಳುಗಳು ಯಾರಿಗೆ ಬೇಕು. ಬಾವಿಯ ಹತ್ತಿರ ನಾನು ಹೋದರೆ ಹಮಾಲಿಗಳ ಹೆಂಡಿರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. "ಬೆನ್ನು ತೋರಿಸ್ಬೇಡ್ರೇ, ಒತ್ಬುಟ್ಟಾಳು," ಎಂದಳು ಒಬ್ಬಳು. ಇನ್ನೊಬ್ಬಳು ನನ್ನ ಹಗ್ಗವನ್ನು ಬಾವಿಗೆ ತಳ್ಳಿದಳು. ನಾನು ತುಂಬದ ಕೊಡ ಹೊತ್ತು ವಾಪಸು ಬಂದೆ. ಅತ್ತೆ ಖಾಲಿ ಕೊಡವನ್ನು ನೋಡಿ ಕದಿರು ತಿರುಗಿಸಿದರು. ಮಗನಿಗೆ ಮಾತ್ರ ಕೂತಾಗ, ಎದ್ದಾಗ ಹೇಳುತ್ತಿದ್ದರು.

"ಈ ಊರಾಗೆ ಇನ್ನೇನದೆ ನಿಂಗೆ? ಮಕ ಎತ್ತಿ ಓಡಾಡೋ ಅಂಗಾದ್ರೂ ಅದ್ಯಾ?"

ಒಂದು ದಿನ ನಿಮ್ಮ ತಾತ ಅಟ್ಟದ ಮೇಲಿದ್ದ ಕಂಬಳಿಯನ್ನು ಇಳಿಸಿ ಬಿಸಿಲಿಗೆ ಹಾಕಿದರು. ಮಂದೆಯ ಹಿಂದೆ ಹೋಗುವವರ ಕಂಬಳಿ ಅದು.

ಅಷ್ಟರಲ್ಲಿ ವಿಷಯ ಸಾಹುಕಾರರ ಮನೆಯೊಳಗೆ ಹೋಯಿತು. ಅವರ ತಾಯಿ ಮಡಿವಂತ ಹೆಂಗಸು. ಸಾಬರು ಅಂದು ಅಲ್ಲೇ ಅಂಗಳದಲ್ಲಿದ್ದರು. ಆಕೆ ಮಗನನ್ನು ನಿಲ್ಲಿಸಿಕೊಂಡು ಕೇಳಿದರಂತೆ: "ಪತ್ರೇನ ತಗಂಡೋಗಿ ಯಾರ ಬೆನ್ನಿಗೆ ಹಾಕ್ಸಿದ್ದೀಯಪ್ಪ? ಮಾಂಸ ತಿಂದು ಬೆವರು ಸುರ್ಸೋರ ಬೆನ್ನಿಗಾ? ಅವರು ಬ್ಯಾಡ ಅಂದದ್ದೇ ನಿನ್ನ ಪುಣ್ಯ. ಮೊದ್ಲು ಕೀಳ್ಸು ಅದನ್ನ."

ಸಾಹುಕಾರರು ಅಂಗಿಗಳನ್ನೆಲ್ಲ ಸಾಬರಿಗೆ ವಾಪಸು ಕೊಟ್ಟು, ಬೆನ್ನಿನ ಪತ್ರೆ ಕೀಳಬೇಕು, ಎದೆಯ ಮೇಲೆ ಕಪ್ಪು ದಾರದಲ್ಲಿ ಒಂದು ತಕ್ಕಡಿ ಹಾಕಿದರೆ ಸಾಕು ಎಂದರು. ಹಮಾಲಿಗಳಿಗೆ ಹೇಳಿಕಳಿಸಿದ ಮಾತು ಬೇರೆ. ಪತ್ರೆ ಹೊರುವ ಯೋಗ್ಯತೆ ನಿಮಗಿಲ್ಲ, ಅದಕ್ಕೆ ತೆಗೆಸುತ್ತಿದ್ದೇನೆ, ತಕ್ಕಡಿ ಹಾಕಿಕೊಂಡು ಬಂದು ದುಡಿಯಿರಿ ಎಂದು.

ಒಬ್ಬೊಬ್ಬರಾಗಿ ಅವರೆಲ್ಲ ಒಪ್ಪಿಕೊಂಡರು. ಹೊಟ್ಟೆಗೆ ಬೇಕಲ್ಲ. ಕುರಿ ಅನ್ನಿಸಿಕೊಳ್ಳುವುದಕ್ಕಿಂತ ಯೋಗ್ಯತೆ ಇಲ್ಲ ಅನ್ನಿಸಿಕೊಳ್ಳುವುದು ವಾಸಿ ಎಂದು ಒಬ್ಬ ಹೇಳಿದನಂತೆ. ನಿಮ್ಮ ತಾತ ಮಾತ್ರ ಒಪ್ಪಲಿಲ್ಲ.

"ಇಂಗೂ ಉಗುದ್ರು, ಅಂಗೂ ಉಗುದ್ರು," ಎಂದು ಹಗ್ಗ ತೆಗೆದುಕೊಂಡು ಕಂಬಳಿ ಸುತ್ತತೊಡಗಿದರು. "ಅವ್ವಾ, ನಾಳೆ ಪಾವಗಡದ ಕಡೆ ಗಾಡಿ ಓಯ್ತದೆ. ಎದ್ದೇಳು."

ನಾನು ಬಾಗಿಲ ಬಳಿ ಅಂಗಿಗಳ ರಾಶಿಯ ಮಧ್ಯೆ ಕೂತು ದಾರ ಕೀಳುತ್ತಿದ್ದೆ. ದಪ್ಪ ತುಂಬಿದ್ದರಿಂದ ಸುಲಭಕ್ಕೆ ಬರುತ್ತಿರಲಿಲ್ಲ. ಸೂಜಿಯ ಮೊನೆಯಿಂದ ಎಬ್ಬಿಸಿ, ಕತ್ತರಿಸಿ, ಎಳೆಯಬೇಕು. ಕಿತ್ತ ಮೇಲೂ ಬಟ್ಟೆಯಲ್ಲಿ ತೂತುಗಳ ಸಾಲು, ಅದರ ಒಳಗೆ ಅಚ್ಚಿನ ಕೆಮ್ಮಣ್ಣು ಉಳಿಯುತ್ತಿತ್ತು. ನೀರು, ಸೀಗೆ, ಸುಣ್ಣ, ಯಾವುದಕ್ಕೂ ಹೋಗಲಿಲ್ಲ. ನಿಮ್ಮ ತಾತ ಅಲ್ಲೇ ಗೋಡೆಯ ಹತ್ತಿರ ಕೂತು ಗಂಟಿಗೆ ಹಗ್ಗ ಬಿಗಿಯುತ್ತಿದ್ದರು. ನಾಳೆ ನಾನು ಎಲ್ಲಿಗೆ ಎಂದು ಯಾರೂ ಹೇಳಿರಲಿಲ್ಲ. ಕೇಳಲು ನನಗೆ ಬಾಯಿ ಬಂದಿರಲಿಲ್ಲ.

ಅತ್ತೆ ಉಣ್ಣೆಯನ್ನು ಚೀಲಕ್ಕೆ ತುಂಬುತ್ತ ನನ್ನ ಕೈ ನೋಡಿದರು. ಅವರು ಸಂತೋಷವಾಗಿದ್ದರು. ಸುಮ್ಮನಿದ್ದಿದ್ದರೆ ಗೆದ್ದುಬಿಡುತ್ತಿದ್ದರು. ಆದರೆ ಮನುಷ್ಯರಿಗೆ ಗೆಲ್ಲುವ ಹೊತ್ತಿಗೆ ಸುಮ್ಮನಿರಲು ಬರುವುದಿಲ್ಲ.

"ಕಿತ್ರೆ ಓಗ್ತದಾ ಅದು? ನಮ್ಮ ಕಡೆ ಕೂಸಿಗೂ ಗೊತ್ತು, ಒಂದ್ಸಲ ಬೆನ್ನಿಗೆ ಬಿತ್ತು ಅಂದ್ರೆ ಬಿತ್ತು. ಮೊದ್ಲು ದಿನಾನೆ ಅಂದ್ಕಂಡೆ, ಇವಳು ಕೆಡ್ತಾಳೆ ಅಂತ."

ನನ್ನ ಕೈ ನಿಂತಿತು.

"ಮೊದಲನೇ ದಿನವೇ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅತ್ತೆ, ನೀವು ನನ್ನ ಎದುರಿಗೇ ಕೂತಿದ್ರಿ. ಮೊದಲನೇ ಅಂಗಿಗೇ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೂ ದಪ್ಪ ತುಂಬು ಅಂದ್ರಿ. ಅವರು ಬರೋ ಹೊತ್ತಿಗೆ ಗಂಟು ಕಟ್ಟಿಸಿದ್ರಿ."

"ನೋಡ್ದೆ. ಅದಕ್ಕೇನೀಗ?" ಎಂದರು ಅತ್ತೆ. ನನಗೆ ಬಾಯಿ ಬಂದದ್ದು ಕಂಡು ಅವರಿಗೆ ಸಿಟ್ಟು ಬಂದಿತ್ತು. "ನಾಲ್ಕು ಜನ ಉಗೀಲಿ ಅಂತ್ಲೇ ಸುಮ್ಕಿದ್ದೆ. ಉಗುದ್ರು. ನನ್ನ ಮಗ ಊರಿಗೆ ಬತ್ತಾನೆ. ಸೂಜಿ ಇಟ್ಕಂಡು ನೀನು ಸಾಬರ ಓಣೀಲಿ ಬಿದ್ದಿರು."

ಹಗ್ಗ ಬಿಗಿಯುವ ಸದ್ದು ನಿಂತುಹೋಯಿತು.

"ಅವ್ವಾ," ಎಂದರು ನಿಮ್ಮ ತಾತ. ದನಿ ಏರಿಸಲಿಲ್ಲ. "ಅದ್ರಾಗೆ ನಂದೂ ಒಂದು ಅಂಗಿ ಇತ್ತು."

ಅತ್ತೆ ಚೀಲದಿಂದ ಕೈ ತೆಗೆಯಲಿಲ್ಲ.

"ಇವಳಿಗೆ ಗೊತ್ತಿರ್ಲಿಲ್ಲ. ಸಾವ್ಕಾರನಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು. ಹೆತ್ತೋಳು ನೀನು, ಮಗನ ಬೆನ್ನಿಗೆ ಕೆಮ್ಮಣ್ಣು ಬೀಳೋದ ನೋಡ್ಕಂಡು ನೂಲು ತೆಗೀತಾ ಕೂತಿದ್ಯಾ?"

"ಒಂದು ಗಳಿಗೆ ಆಕ್ಕಂಡ್ರೆ ಏನಾಗೋಯ್ತು? ಬಿಸಾಕಿದ್ಯಲ್ಲ. ನಿನ್ನ ಒಳ್ಳೇದಕ್ಕೇ ಕಣ್ಲಾ."

"ಅಪ್ಪ ಇದ್ದಿದ್ರೆ ಈ ಮಾತು ಆಡ್ತಿದ್ಯಾ?"

ಮಾವ ತಮ್ಮ ಕಾಲದಲ್ಲಿ, ಕೆಮ್ಮಣ್ಣು ಹತ್ತಿದ ಕೈ ತೊಳೆಯದೆ ಒಬ್ಬ ಆಳು ಮಗುವನ್ನು ಎತ್ತಿಕೊಂಡನೆಂದು ಅವನನ್ನು ಹಟ್ಟಿಯಿಂದಲೇ ಓಡಿಸಿದ್ದರಂತೆ. ಆ ಮಗು ನಿಮ್ಮ ತಾತ. ಇದನ್ನು ಅತ್ತೆಯೇ ಒಂದು ಸಲ ಹೆಮ್ಮೆಯಿಂದ ಹೇಳಿದ್ದರು.

ನಿಮ್ಮ ತಾತ ಬಿಗಿದಿದ್ದ ಗಂಟನ್ನು ಬಿಚ್ಚಿದರು. ತಾಯಿಯ ಸೀರೆ, ಉಣ್ಣೆ, ಎಲೆ ಅಡಿಕೆಯ ಚೀಲ ಒಂದು ಕಡೆ ಇಟ್ಟು ಅವನ್ನಷ್ಟೇ ಮತ್ತೆ ಕಟ್ಟಿದರು. ಕಂಬಳಿಯನ್ನು ಅಟ್ಟಕ್ಕೆ ಎಸೆದರು.

ಬೆಳಿಗ್ಗೆ ಗಾಡಿ ಬಂತು. ಅತ್ತೆ ಹತ್ತಿ ಕೂತು ಬಹಳ ಹೊತ್ತು ಮಗನ ಮುಖ ನೋಡಿದರು.

"ಅಂಗಾದ್ರೆ ಬರಾಕಿಲ್ಲ?"

"ಇಲ್ಲ."

"ಮಂದೆ?"

"ಅಣ್ಣನೇ ಇಟ್ಕಳ್ಳಿ."

ಅವರು ನನ್ನ ಕಡೆ ತಿರುಗಿದರು. ನಾನು ಪದ್ಧತಿಯಂತೆ ಕಾಲಿಗೆ ಬೀಳಲು ಬಾಗಿದೆ. ಅವರು ಕಾಲು ಮೇಲಕ್ಕೆ ಎಳೆದುಕೊಂಡರು. "ಮೂಗಿ ಅಂದ್ಕಂಡಿದ್ದೆ ನಿನ್ನ," ಎಂದರು. ಗಾಡಿ ಹೋಯಿತು. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ನಿಮ್ಮ ಅಪ್ಪ ಹುಟ್ಟಿದಾಗ ಹೇಳಿಕಳಿಸಿದೆವು, ಆಗಲೂ ಬರಲಿಲ್ಲ.

ನಿಮ್ಮ ತಾತ ಗಾಡಿ ಕಣ್ಮರೆಯಾಗುವ ತನಕ ನಿಂತಿದ್ದು ಒಳಗೆ ಬಂದರು. ಅಂಗಿಗಳ ರಾಶಿಯನ್ನು ದಾಟಿ ಹೋಗಿ ಗೋಡೆಗೆ ಒರಗಿ ಕೂತರು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ನಾನು ಹತ್ತಿರ ಹೋಗಿ ತಂಬಿಗೆ ನೀರು ಇಟ್ಟೆ.

"ನಿನಗೋಸ್ಕರ ನಿಂತ್ಕಂಡೆ ಅಂತ ತಿಳ್ಕಬ್ಯಾಡ," ಎಂದರು, ನನ್ನ ಮುಖ ನೋಡದೆ. "ಅವಳ ಜೊತೇಲಿ ಓಗಾಕೆ ಮನಸ್ಸು ಬರ್ಲಿಲ್ಲ. ಅಷ್ಟೇಯ."

ಮುದ್ದೆ ಇಕ್ಕಿ, ಉಪ್ಪು ಹಾಕಿದ ಸಾರು ಬಿಟ್ಟೆ. ಅವರು ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು. ನಾನು ಬಾಗಿಲ ಬಳಿ ಹೋಗಿ ಉಳಿದ ಅಂಗಿಗಳ ದಾರ ಕೀಳುತ್ತ ಕೂತೆ.